ಕಂಡಕ್ಟರರ ನಾಣ್ಯದ ಡಬ್ಬಿ

ನನ್ನ ಗಂಡ ಮಧುಕರ ನಾಯಕ. ಬೊಬ್ರುವಾಡದವರು. ಅಂಕೋಲಾ–ಕಾರವಾರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದರು. ಹೋದ ವರ್ಷ ತೀರಿಕೊಂಡರು.

ಇವರಿಗೆ ಹಳೆಯ ನಾಣ್ಯದ ಹುಚ್ಚು. ಅದು ಬಸ್ಸಿನಲ್ಲೇ ಹತ್ತಿದ್ದು. ಮುದುಕಿಯರು ಸೊಂಟದ ಸಂಚಿ ಬಿಚ್ಚಿ ಟಿಕೀಟಿಗೆ ದುಡ್ಡು ಕೊಡುವಾಗ ನಡುವೆ ಒಂದು ತೂತಿನ ಕಾಸೋ, ಗೋವೆಯಲ್ಲಿ ಪೋರ್ಚುಗೀಜರಿದ್ದಾಗಿನ ಬೆಳ್ಳಿ ರೂಪಾಯಿಯೋ ಬಂದುಬಿಡುತ್ತಿತ್ತು. ಬೇರೆ ಕಂಡಕ್ಟರರು ಬೈದು ವಾಪಸು ಕೊಡುತ್ತಿದ್ದರು. ಇವರು, "ಇದು ಬೆಳ್ಳಿ ಅಜ್ಜಿ, ಟಿಕೀಟಿಗೆ ಕೊಡೂದಲ್ಲ. ಮಾರೂದಿದ್ರೆ ನಂಗೇ ಮಾರು" ಎಂದು ಹೇಳಿ ಸಂಬಳದಲ್ಲಿ ಕೊಳ್ಳುತ್ತಿದ್ದರು. ನಾನು ಜಗಳ ಮಾಡುತ್ತಿದ್ದೆ. ಕೇಳುತ್ತಿರಲಿಲ್ಲ.

ಒಂದು ನಾಣ್ಯ ಮಾತ್ರ ಕೊಂಡದ್ದಲ್ಲ. ಅದಕ್ಕೆ ಸರಕ್ಕೆ ಪೋಣಿಸುವ ಕೊಂಡಿ ಬೆಸೆದಿತ್ತು. ಯಾರೋ ಹೆಂಗಸು ಗಡಿಬಿಡಿಯಲ್ಲಿ ಚಿಲ್ಲರೆಯ ಜೊತೆ ಕೊಟ್ಟು ಇಳಿದುಹೋಗಿದ್ದಳು. "ಅದು ನಂದಲ್ಲ. ಕೇಳೂಕೆ ಬಂದ್ರೆ ಕೊಡೂದು" ಎನ್ನುತ್ತಿದ್ದರು. ಅವಳು ಬರಲಿಲ್ಲ.

ಆಗ ಜನ ಎಲ್ಲವನ್ನೂ ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದರು. ಮಗಳ ಮನೆಗೆ ಮಾವಿನಹಣ್ಣು, ಆಸ್ಪತ್ರೆಗೆ ಗಂಜಿಯ ಡಬ್ಬಿ, ಮಾಡಿಸಿದ ಬಂಗಾರದ ಬಳೆ ಕೂಡ. ಬಳೆಯನ್ನು ಇವರು ಚೀಲದಲ್ಲಿ ಅಡಗಿಸುತ್ತಿರಲಿಲ್ಲ. ಎತ್ತಿ ಹಿಡಿದು ಇಡೀ ಬಸ್ಸಿಗೆ ಕೂಗುತ್ತಿದ್ದರು: "ಇದು ಅವರ್ಸೆಯ ನಾಯ್ಕರ ಬಳೆ. ಕಾರವಾರದಲ್ಲಿ ಇಳೀತದೆ. ಎಲ್ಲಾ ಕಣ್ಣಿಡಿ!" ಎಲ್ಲರೂ ನೋಡಿದ ಸಾಮಾನನ್ನು ಕದಿಯುವ ಧೈರ್ಯ ಯಾರಿಗೂ ಬರುವುದಿಲ್ಲ ಎಂಬುದು ಇವರ ಲೆಕ್ಕ. ಇವರ ಬಸ್ಸಿನಲ್ಲಿ ಯಾರದೂ ಏನೂ ಕಳೆಯಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಹಿಲ್ಲೂರಿನ ಅನಂತಪದ್ಮನಾಭ ಹೆಗಡೆಯವರು ಮನೆಗೆ ಬಂದರು. ಅವರು ಬೆಳಗಾವಿಯಲ್ಲಿ ಕಾಲೇಜು ಮಾಸ್ತರು. ಅಲ್ಲಿ ಹಳೆಯ ನಾಣ್ಯಗಳ ಪ್ರದರ್ಶನ ಇಡುವವರಿದ್ದರು. "ನಿಮ್ಮದನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೇವೆ. ಕೆಳಗೆ ನಿಮ್ಮ ಹೆಸರು ಹಾಕ್ತೇವೆ" ಎಂದರು.

"ಬೊಬ್ರುವಾಡ ಅಂತ್ಲೂ ಹಾಕ್ತ್ರಾ?" ಎಂದು ಇವರು ಕೇಳಿದರು.

ಇವರಿಗೆ ಎದೆಯ ಆಪರೇಶನ್ ಆಗಿತ್ತು. ಘಟ್ಟದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಹೆಗಡೆಯವರು ಅಂದು ಬೇರೆ ಊರಿಗೆ ಹೊರಟವರು, ಜೊತೆಗೆ ಒಯ್ಯುವಂತಿರಲಿಲ್ಲ. ಕಾರವಾರದಿಂದ ಕೊರಿಯರಿನಲ್ಲಿ ಕಳಿಸುವುದೆಂದಾಯಿತು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: ಹಳೆಯ ಬೆಳ್ಳಿ ನಾಣ್ಯಗಳು, ಜೋಪಾನ.

"ಹಾಂಗ್ ಬರೀಬೇಡಿ" ಎಂದೆ.

"ಬರೀದಿದ್ರೆ ಎತ್ತಿ ಒಗೀತಾರೆ. ಒಳಗೆ ಎಂತದದೆ ಅಂತ ಗೊತ್ತಿದ್ರೆ ಎಲ್ಲಾ ಕಾಯ್ತಾರೆ, ನೋಡು."

ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ. ಮೀನು ಮಾರುವ ಕಾಶಿ ಹಿಂದಿನ ಸೀಟಿನಿಂದ ಕೂಗಿದಳು, "ಎಂತದು ಕಂಡಕ್ಟರ್ರೆ, ಬಾಳಂತಿ ಮಗು ಹಿಡ್ಕಂಡಂಗೆ ಹಿಡ್ಕಂಡಿರಿ?"

"ಹಳೇ ನಾಣ್ಯ ಮಾರಾಯ್ತಿ. ಬೆಳಗಾವಿಗೆ ಹೋತದೆ, ಪ್ರದರ್ಶನಕ್ಕೆ."

"ಹಾಂಗಾರೆ ನನ್ನನ್ನೂ ಕಳ್ಸಿ. ನಾನೂ ಹಳೇದೇ!"

ಎಲ್ಲರೂ ನಕ್ಕರು. ಇವರು ಮುಚ್ಚಳ ತೆಗೆದು ಒಂದೊಂದೇ ಎತ್ತಿ ತೋರಿಸಿದರು. ಕಾರವಾರದಲ್ಲಿ ಕೊರಿಯರ್ ಅಂಗಡಿಯ ಕೌಂಟರಿನ ಮುಂದೆ ನಿಂತವರಿಗೂ ತೋರಿಸಿ ಆಮೇಲೆ ಟೇಪು ಸುತ್ತಿಸಿದರು. ಕೌಂಟರಿನಲ್ಲಿದ್ದವನು ಬೆಳಂಬಾರದ ಸುಜಯ. ಇಬ್ಬರು ಮಕ್ಕಳ ತಂದೆ. ಹಿಂದೆ ಇವರ ಬಸ್ಸಿನಲ್ಲೇ ಕಾಲೇಜಿಗೆ ಹೋದವನು.

ಬೆಳಗಾವಿಯಲ್ಲಿ ಹೆಗಡೆಯವರು ಡಬ್ಬಿ ತೆರೆದಾಗ ಒಳಗೆ ಪುಡಿ ಉಪ್ಪಿನ ಪೊಟ್ಟಣಗಳಿದ್ದವು. ಅವರು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಇವರು ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು. ನಾನೇ ಹೋಗಿ ಕೇಳಬೇಕಾಯಿತು.

"ಎಲ್ಲಾ ಹೋಯ್ತು" ಎಂದರು. "ಆ ಕೊಂಡಿ ನಾಣ್ಯದ ಹೆಂಗ್ಸಿಂದೂ ಹೋಯ್ತು."

ಪೊಲೀಸರಿಗೆ ದೂರು ಕೊಟ್ಟೆವು. ಡಬ್ಬಿ ಹಲವು ಊರು, ಹಲವು ಕೈ ದಾಟಿದೆ, ಎಲ್ಲಿ ತೆರೆದರೆಂದು ಈಗಲೇ ಹೇಳಲಾಗುವುದಿಲ್ಲ ಎಂದರು. ನಮ್ಮ ಜನರಿಗೆ ಅದು ಸಾಕಾಗಲಿಲ್ಲ. ಅಷ್ಟು ಕೈಗಳಲ್ಲಿ ಅವರಿಗೆ ಗೊತ್ತಿದ್ದ ಕೈ ಒಂದೇ, ಸುಜಯನದು. ಅವನ ಕೌಂಟರಿಗೆ ಹೋಗುವುದನ್ನು ಬಿಟ್ಟರು. ಅವನ ಮಕ್ಕಳಿಗೂ ಶಾಲೆಯಲ್ಲಿ ಚುಚ್ಚುಮಾತು ಬಂತು.

ಅದು ಕಿವಿಗೆ ಬಿದ್ದ ಮರುದಿನ ಇವರು ಕಾರವಾರಕ್ಕೆ ಹೋದರು. ಸುಜಯನ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ಚಾ ತರಿಸಿ ಅವನಿಗೂ ಕುಡಿಸಿ ತಾವೂ ಕುಡಿದರು. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣಲಿ ಎಂದು.

ಮನೆಗೆ ಬಂದ ಮೇಲೆ ಕೇಳಿದೆ, "ಅಂವ ತೆಗ್ದಿಲ್ಲ ಅಂತ ನಿಮ್ಗೆ ಗೊತ್ತದ್ಯಾ?"

"ಇಲ್ಲ."

"ಮತ್ತೆ ಎಂತಕೆ ಹೋದ್ರಿ?"

"ತೆಗ್ದಾನೆ ಅಂತ್ಲೂ ಗೊತ್ತಿಲ್ವಲೆ ದುರ್ಗಾ."

ಆಮೇಲೆ ಇವರು ಹೊರಗೆ ಹೋಗುವುದು ಕಡಿಮೆ ಮಾಡಿದರು. ಯಾರಾದರೂ ಪ್ರದರ್ಶನದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಮಳೆಗಾಲ ಮುಗಿಯುವಾಗ ತೀರಿಕೊಂಡರು. ಡಾಕ್ಟರು ಎದೆಯ ಕಾಯಿಲೆ ಎಂದರು. ನನ್ನ ಮಟ್ಟಿಗೆ ಕೊಂದದ್ದು ಆ ಕಳ್ಳ.

ಸುಜಯ ಹೆಣ ನೋಡಲು ಬರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ವರ್ಷಾಂತದ ತಿಥಿ ಮುಗಿಯಿತು. ಇವರ ಅಣ್ಣನ ಹೆಂಡತಿ ಗೋದಾವರಿ ಅಕ್ಕ ಬಂದಳು. ನಮ್ಮಲ್ಲಿ ಕಳವಾದರೆ ದೇವಿಯ ಮುಂದೆ ಕಾಯಿ ಇಡುವುದುಂಟು. ಪೂಜೆ ಮಾಡುವ ಗುನಗರು ಕಳ್ಳನ ಹೆಸರು ಹೇಳಿ ಇಡುತ್ತಾರೆ. ಆ ಕಾಯಿಯನ್ನು ಒಡೆಯುವುದಿಲ್ಲ. ಅದರ ಶಾಪ ಅವನಿಗೆ, ಅವನ ಮಕ್ಕಳಿಗೆ ತಟ್ಟುತ್ತದೆ ಎಂದು ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತೇನೆ.

"ಗಂಡನ್ನೇ ಕಳ್ಕಂಡೆ. ಇನ್ನೂ ಎಂತ ನೋಡ್ತೆ?" ಎಂದಳು ಅಕ್ಕ. "ಬಾಯಿಲ್ವಾ ನಿಂಗೆ? ಹೆಸರೊಂದು ಹೇಳು. ಉಳ್ದದ್ದು ಅಮ್ಮ ನೋಡ್ಕಂತಾಳೆ."

ಮಂಗಳವಾರ ಹೋದೆವು. ಕಾಯಿ ನಾನೇ ಆರಿಸಿದ್ದೆ. ಹೇಳುವುದೆಂದೇ ಹೋಗಿದ್ದೆ.

ಗುನಗರು ಕಾಯಿಗೆ ಕುಂಕುಮ ಹಚ್ಚಿದರು. "ಯಾರ ಮೇಲೆ ತಂಗಿ?" ಎಂದರು.

ಅಕ್ಕ ಬೆನ್ನಿಗೆ ತಿವಿದಳು. "ಹೇಳೆ."

ಹೆಸರು ಬಾಯಿಗೆ ಬಂದಿತ್ತು. ಹೇಳಿದ್ದರೆ ಇವರು ಆ ಬೆಂಚಿನ ಮೇಲೆ ಕೂತದ್ದು ಸುಳ್ಳಾಗುತ್ತಿತ್ತು. ಮೈಯಲ್ಲಿ ಶಕ್ತಿಯಿಲ್ಲದ ಮನುಷ್ಯ, ಯಾರೂ ಹೇಳದೆ ಹೋಗಿ ಬಿಸಿಲಿನಲ್ಲಿ ಕೂತು ಬಂದದ್ದು. ನಾಣ್ಯವನ್ನು ಯಾರೋ ಕದ್ದರು. ಇದನ್ನು ನಾನೇ ಕದ್ದ ಹಾಗಾಗುತ್ತಿತ್ತು.

"ಹೆಸರು ಗೊತ್ತಿಲ್ಲ" ಎಂದೆ.

"ಹೆಸರಿಲ್ದೆಯೂ ಇಡ್ಲಕ್ಕು. ಯಾರು ತೆಗ್ದಾರೋ ಅವ್ರಿಗೆ ಅಂತ."

ಹಾಗೆ ಇಟ್ಟರೂ ಸಂಜೆಯೊಳಗೆ ಊರು ಅದಕ್ಕೆ ಸುಜಯನ ಹೆಸರನ್ನೇ ಹಚ್ಚುತ್ತಿತ್ತು.

"ಇಡೂದು ಬ್ಯಾಡ. ಇವರ ಹೆಸರಲ್ಲಿ ಹಣ್ಣುಕಾಯಿ ಮಾಡಿ ಕೊಡಿ."

ಗುನಗರು ನನ್ನ ಮುಖ ನೋಡಿದರು. ಆಮೇಲೆ ಕಾಯಿ ಒಡೆದರು.

ಅಕ್ಕ ದಾರಿಯುದ್ದಕ್ಕೂ ಬೈದಳು. "ಹೆಡ್ಡಿ! ಗಂಡ ಹ್ಯಾಂಗೋ ಹೆಂಡ್ತಿಯೂ ಹಾಂಗೇ. ಕದ್ದಂವ ಆರಾಮಾಗಿ ಉಣ್ತಾನೆ, ಉಣ್ಣಲಿ!"

ಕದ್ದವನನ್ನು ನಾನು ಕ್ಷಮಿಸಿಲ್ಲ. ಅವನು ಸುಜಯನೇ ಇರಲೂಬಹುದು. ಇವತ್ತಿಗೂ ಗೊತ್ತಿಲ್ಲ.

ಮನೆ ಮುಟ್ಟಿದ ಮೇಲೆ ಒಡೆದ ಕಾಯಿಯ ಒಂದು ಕಡಿಯನ್ನು ಅಕ್ಕನಿಗೆ ಕೊಟ್ಟೆ. ಮೊದಲು ಬೇಡ ಎಂದಳು. ಆಮೇಲೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಇನ್ನೊಂದನ್ನು ಹೆರೆದು ನಾನು ಸಾರಿಗೆ ಹಾಕಿದೆ.