ಲೇಬಲ್ ಸುಲಿದ ಡಬ್ಬಿ

ಜಿಮ್ಮಿನ ಕೆಳಗಿನ ಪ್ರೋಟೀನ್ ಪುಡಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಮಾರಾಟದ ಕೆಲಸದಲ್ಲಿದ್ದವಳನ್ನು ಎಲ್ಲರೂ ಡಬ್ಬಿ ಅಕ್ಕ ಎಂದೇ ಕರೆಯುತ್ತಿದ್ದರು. ಪುಡಿ ಮಾರುತ್ತಲೇ ಪುಡಿ ಬೇಡ ಎನ್ನುವವಳು ಅವಳೊಬ್ಬಳೇ ಇರಬೇಕು. ಹೆಂಗಸರು ಬಂದರೆ ಮೊದಲು ಊಟ ವಿಚಾರಿಸುವಳು. ಬೇಳೆ, ಮೊಟ್ಟೆ ಸಾಕಷ್ಟು ತಿನ್ನುತ್ತಿದ್ದರೆ ಪ್ರೋಟೀನ್ ಪುಡಿ ದಂಡ. ಕಬ್ಬಿಣದ ಮಾತ್ರೆ ರಕ್ತ ಪರೀಕ್ಷೆಯಾದ ಮೇಲೆ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಹುರುಪಿನ ಪುಡಿಯ ಹತ್ತಿರವಂತೂ ಸುಳಿಯಬಾರದು, ಅದರ ತುಂಬ ಕೆಫೀನು. ಮಾಲೀಕ ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ಅವಳ ಒಂದೇ ಕೆಟ್ಟ ಅಭ್ಯಾಸ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ್ದು. ತೋಳು ಉಬ್ಬಿಸಿದ ಗಂಡಸಿನ ಚಿತ್ರವಿರುವ ಡಬ್ಬಿ ಕಂಡರೆ ಮನೆಯಲ್ಲಿ ರಾದ್ಧಾಂತವಾಗುತ್ತದೆ ಎಂದು ಹೆಂಗಸರು ಗೋಗರೆಯುತ್ತಿದ್ದರು. ಅವಳು ಬಿಸಿನೀರಿನ ಬಟ್ಟೆ ಒತ್ತಿ, ಲೇಬಲ್ ಹರಿಯದ ಹಾಗೆ ಸುಲಿದು, ಬೋಳು ಡಬ್ಬಿ ಕೈಗಿಡುತ್ತಿದ್ದಳು. ಯಾರಿಗೆ ಏನು ಹೋಯಿತೆಂಬ ನೆನಪಿಗೆ ಲೇಬಲಿನ ಬೆನ್ನ ಮೇಲೆ ಹೆಸರು ಬರೆದು ಡ್ರಾಯರಿಗೆ ಹಾಕುತ್ತಿದ್ದಳು.

ಅವಳ ಮನೆಯಲ್ಲಿದ್ದದ್ದು ಅಮ್ಮ ಮತ್ತು ತಂಗಿ. ಅಗ್ನಿಶಾಮಕ ದಳದ ಪರೀಕ್ಷೆಗಾಗಿ ತಂಗಿ ಮರಳಿನ ಮೂಟೆ ಹೊತ್ತು ಓಡುತ್ತಿದ್ದಳು. ಅಮ್ಮನಿಗೆ ಎರಡು ವರ್ಷದ ಹಿಂದೆ ಹೃದಯಾಘಾತವಾಗಿ, ಕಾಫಿಯೂ ನಿಂತಿತ್ತು. ಅಮ್ಮ ಮಹಾ ಓದುಗಾರ್ತಿ. ಸೋಪಿನ ಹೊದಿಕೆಯಿರಲಿ, ಮಾತ್ರೆಯ ಚೀಟಿಯಿರಲಿ, ಕನ್ನಡಕ ಏರಿಸಿ ಕೊನೆಯ ಸಾಲಿನ ತನಕ ಓದದೆ ಬಿಟ್ಟವಳಲ್ಲ. ಜಿಮ್ಮಿನ ಪುಡಿ ತಿಂದರೆ ಮೀಸೆ ಬರುತ್ತದೆಂದು ತಂಗಿಯ ಜೀವ ಹಿಂಡಿದ್ದಳು. ಹಾಗಾಗಿ ತಂಗಿಯ ಪ್ರೋಟೀನ್ ಡಬ್ಬಿಯೂ ಬೋಳಾಯಿತು. ಅದು ಹಾಲಿನ ಪುಡಿ ಎಂದು ಅಕ್ಕತಂಗಿಯರಿಬ್ಬರೂ ಅಮ್ಮನ ಬಾಯಿ ಮುಚ್ಚಿಸಿದರು.

ಪರೀಕ್ಷೆಗೆ ವಾರವಿರುವಾಗ ತಂಗಿ ಹುರುಪಿನ ಪುಡಿಗಾಗಿ ದುಂಬಾಲು ಬಿದ್ದಳು.

"ಒಂದೇ ದಿನಕ್ಕೆ ಅಕ್ಕ, ಅರ್ಧ ಚಮಚ. ಈ ಸಲ ತಪ್ಪಿದ್ರೆ ನನ್ನ ವಯಸ್ಸೇ ಮೀರಿಹೋಗುತ್ತೆ."

ಹನ್ನೊಂದು ವರ್ಷ ಕಂಡವರಿಗೆಲ್ಲ ಬೇಡ ಎಂದವಳಿಗೆ ಸ್ವಂತ ತಂಗಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕೈ ತನ್ನ ಪಾಡಿಗೆ ಲೇಬಲ್ ಸುಲಿಯಿತು.

ಪರೀಕ್ಷೆಯ ದಿನ ತಂಗಿ ಬೆಳಿಗ್ಗೆ ಬೇಗನೆ ಹೊರಟಳು. ಎರಡು ಬೋಳು ಡಬ್ಬಿಗಳೂ ಅಡುಗೆಮನೆಯ ಕಟ್ಟೆಯ ಮೇಲಿದ್ದವು. ತಂಗಿ ಮೊನ್ನೆ ಭರ್ತಿ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಮೂರನೇ ಮಹಡಿಗೆ ಹೊತ್ತು ತಂದಂದಿನಿಂದ ಅಮ್ಮ ಅವಳ ವಿಷಯದಲ್ಲಿ ಮೆತ್ತಗಾಗಿದ್ದಳು. ಮಗಳು ಓಡುವುದನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ಸಿದ್ಧಳಾಗಿದ್ದಳು. ಡಬ್ಬಿ ಅಕ್ಕ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಬರಿದಾದ ಲೋಟ ಪಕ್ಕಕ್ಕಿಟ್ಟು, ಎದೆ ಹಿಡಿದು ಕುಳಿತಿದ್ದಳು. ಮುಖವೆಲ್ಲ ಬೆವರು.

"ಹಾಲಿನ ಪುಡಿ ಅಂದ್ಕೊಂಡೆ ಕಣೇ. ಮೆಟ್ಟಿಲು ಇಳಿದು ಹತ್ತೋಕೆ ಶಕ್ತಿ ಬರಲಿ ಅಂತ ಎರಡು ಚಮಚ ಹಾಕ್ಕೊಂಡೆ. ಮೇಲೆ ಏನೂ ಬರೆದಿರಲಿಲ್ವಲ್ಲ."

ಆಸ್ಪತ್ರೆ ಮುಟ್ಟುವ ಮೊದಲೇ ಅಮ್ಮನ ಉಸಿರು ನಿಂತಿತು. ಆ ಹೊತ್ತಿಗೆ ತಂಗಿ ಪರೀಕ್ಷೆ ಗೆದ್ದಿದ್ದಳು. ಸಂಜೆ ಅವಳು ಅಕ್ಕನ ಮುಖ ನೋಡಲಾರದೆ, ತಾನು ಭಯಪಟ್ಟು ಆ ಹುರುಪಿನ ಪುಡಿಯನ್ನು ಮುಟ್ಟಲೇ ಇಲ್ಲವೆಂದಳು.

ಎರಡು ವಾರದ ಮೇಲೆ ಡಬ್ಬಿ ಅಕ್ಕ ಕೆಲಸಕ್ಕೆ ಹೋಗಿ ಡ್ರಾಯರು ಎಳೆದಳು. ಹುರುಪಿನ ಪುಡಿಯ ಲೇಬಲ್ ಎಲ್ಲೂ ಹರಿದಿರಲಿಲ್ಲ. ಬೆನ್ನ ಮೇಲೆ ಅವಳದೇ ಕೈಬರಹದಲ್ಲಿ 'ತಂಗಿಗೆ' ಎಂದಿತ್ತು. ತಿರುಗಿಸಿದಳು. ಹೃದಯದ ತೊಂದರೆ ಇರುವವರು ಸೇವಿಸಬಾರದು ಎಂದು ಕೊನೆಯ ಸಾಲಿನಲ್ಲಿ ಅಚ್ಚಾಗಿತ್ತು. ಅಮ್ಮ ಅಲ್ಲಿಯ ತನಕ ಓದಿಯೇ ಓದುತ್ತಿದ್ದಳು.