ಬಸ್ಸಿನ ಹಿಂದೆ ಓಡಿದವಳು

ನಿನ್ನೆ ಮಧ್ಯಾಹ್ನ ವಾರ್ಡಿಗೆ ಬಂದ ನರ್ಸ್, ಅಮ್ಮನ ಬಲ ಮೊಣಕಾಲಿನ ಮೇಲೆ ನೇರಳೆ ಬಣ್ಣದ ಪೆನ್ನಿನಿಂದ ಒಂದು ಬಾಣದ ಗುರುತು ಹಾಕಿದಳು. ಇಂದು ಬೆಳಿಗ್ಗೆ ಮೊಣಗಂಟು ಬದಲಿಸುವ ಆಪರೇಷನ್. ಯಾವ ಕಾಲು ಎಂದು ಥಿಯೇಟರಿನೊಳಗೆ ಯಾರಿಗೂ ಅನುಮಾನ ಬರಬಾರದಲ್ಲ, ಅದಕ್ಕೆ. ಅನುಮಾನ ಬಂದದ್ದು ನನಗೆ. ಆಪರೇಷನ್ ಬಲಗಾಲಿಗೇ ಎಂಬುದು ತಿಂಗಳುಗಳ ಹಿಂದೆಯೇ ಗೊತ್ತಿದ್ದ ಸಂಗತಿ. ಆದರೆ ಆ ಬಾಣ ಕಂಡ ಕ್ಷಣ, ಇಪ್ಪತ್ತನಾಲ್ಕು ವರ್ಷದ ಹಿಂದೆ ರಕ್ತ ಬಂದದ್ದು ಅಮ್ಮನ ಯಾವ ಮೊಣಕಾಲಿನಿಂದ ಎಂಬುದು ನನಗೆ ಇದ್ದಕ್ಕಿದ್ದಂತೆ ಮರೆತುಹೋಯಿತು. ಇಷ್ಟು ವರ್ಷ ಬಲಗಾಲೆಂದೇ ನಂಬಿದ್ದೆ. ಆ ನಂಬಿಕೆಯ ಮೇಲೆ ನಾನು ಎಷ್ಟು ಕಿಲೋಮೀಟರ್ ಓಡಿದ್ದೇನೋ ಲೆಕ್ಕವಿಲ್ಲ.

ಹೌದು, ನಾನು ಓಡುವವಳು. ಹಾಗೆ ಹೇಳಿದ ಕೂಡಲೇ ನೀವು ಯಾರನ್ನೋ ತೆಳ್ಳಗಿನವಳನ್ನು ಕಲ್ಪಿಸಿಕೊಳ್ಳಬೇಡಿ. ಬಲ್ಮಠದ ನಮ್ಮ ಮನೆಯಿಂದ ಹೊರಟು ಇಳಿಜಾರು ಹಿಡಿದು ಪಂಪ್‌ವೆಲ್‌ನ ಫ್ಲೈಓವರ್ ಕೆಳಗೆ ತಿರುಗಿ ವಾಪಸು ಬರುವಷ್ಟರಲ್ಲಿ, ಪೇಪರ್ ಹಾಕುವವರು, ಹಾಲಿನವರು, ಮೊಮ್ಮಗನನ್ನು ನಡೆಸಿಕೊಂಡು ಬರುವ ಅಜ್ಜಂದಿರು ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ. ನಮ್ಮ ರಸ್ತೆಯ ನಾಯಿಗಳು ಮೊದಲ ವಾರ ಅಟ್ಟಿಸಿಕೊಂಡು ಬಂದವು, ಎರಡನೆಯ ವಾರಕ್ಕೆ ನನ್ನ ವೇಗ ನೋಡಿ ಬೇಸತ್ತು ಬಿಟ್ಟುಬಿಟ್ಟವು. ಆದರೂ ಎಂಟು ವರ್ಷದಿಂದ ಓಡುತ್ತಿದ್ದೇನೆ. ಮಳೆ ಬಂದರೆ ತೊಯ್ದುಕೊಂಡು, ಕಾಲೇಜಿನಲ್ಲಿ ಪರೀಕ್ಷೆಯ ಡ್ಯೂಟಿ ಇದ್ದ ದಿನ ಇನ್ನೂ ಬೇಗ ಎದ್ದು.

ನಮ್ಮದೊಂದು ಓಟಗಾರರ ಗುಂಪಿದೆ. ಭಾನುವಾರ ಒಟ್ಟಿಗೆ ಓಡುತ್ತೇವೆ, ಅಂದರೆ ಒಟ್ಟಿಗೆ ಹೊರಡುತ್ತೇವೆ. ಹೋದ ತಿಂಗಳು ಗುಂಪಿನಿಂದ ಒಂದು ಸಂದೇಶ ಬಂತು: ಯಾಕೆ ಓಡುತ್ತೀರಿ, ಎರಡು ಸಾಲಿನಲ್ಲಿ ಬರೆದು ಕಳಿಸಿ, ಪುಟ್ಟ ಪುಸ್ತಕ ಮಾಡುತ್ತೇವೆ ಎಂದು. ಹೋಟೆಲು ನಡೆಸುವ ಪ್ರಭಾಕರಣ್ಣ ಮೊದಲಿಗರಾಗಿ ಬರೆದರು: ಶುಗರ್ ಇಳಿಸಲಿಕ್ಕೆ. ಆದರೆ ಅವರ ಶುಗರ್ ಇಳಿದು ಮೂರು ವರ್ಷವಾಯಿತು. ಈಗ ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದಾಗ, ಆ ಒಂದು ಗಂಟೆ ತನಗೆ ಯಾರೂ ಫೋನು ಮಾಡುವುದಿಲ್ಲ ಎಂದಿದ್ದರು. ಬ್ಯಾಂಕಿನ ಸುಜಾತಕ್ಕ ಮಗಳ ಜೊತೆಗೆಂದು ಶುರು ಮಾಡಿದವರು. ಮಗಳು ಹದಿನೈದು ದಿನದಲ್ಲಿ ಬಿಟ್ಟಳು, ಅಮ್ಮ ಬಿಡಲಿಲ್ಲ. ಹೀಗೆ ಎಲ್ಲರಿಗೂ ಹೊರಡಲು ಒಂದು ಕಾರಣ, ನಿಲ್ಲದಿರಲು ಬೇರೆಯೇ ಒಂದು. ನಾನು ‘ಆರೋಗ್ಯಕ್ಕಾಗಿ’ ಎಂದು ಬರೆದೆ, ಅಳಿಸಿದೆ. ‘ಮನಶ್ಶಾಂತಿಗಾಗಿ’ ಎಂದು ಬರೆದೆ. ಅದನ್ನು ಓದಿ ನನಗೇ ನಗು ಬಂತು, ಅಳಿಸಿದೆ. ನನ್ನ ಎರಡು ಸಾಲು ಇನ್ನೂ ಹೋಗಿಲ್ಲ.

ಯಾಕೆಂದರೆ ನಾನು ಓಡಲು ತೊಡಗಿದ್ದು ಅಮ್ಮ ಮೊದಲ ಸಲ ಮೆಟ್ಟಿಲ ಮೇಲೆ ಕೂತು, “ಗಂಟು ಹಿಡಿದ ಹಾಗೆ ಆಗ್ತದೆ” ಎಂದ ವಾರ. ಮರುದಿನವೇ ಹೋಗಿ ಶೂ ಕೊಂಡುಕೊಂಡೆ. ಎರಡಕ್ಕೂ ಸಂಬಂಧವಿದೆ ಎಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ. ಡೈರಿ ಬರೆಯುವ ಚಟವಿರುವುದರಿಂದ ತಾರೀಕುಗಳು ಸಿಕ್ಕಿಬಿದ್ದವು.

ಅಮ್ಮನ ಮೊಣಕಾಲಿನಿಂದ ರಕ್ತ ಬಂದ ಆ ವರ್ಷ ನಮ್ಮ ಮನೆ ಬಜಪೆಯ ಕಡೆ. ನಾನು ಬಲ್ಮಠದ ಕಾಲೇಜೊಂದರಲ್ಲಿ ಡಿಗ್ರಿ ಎರಡನೆಯ ವರ್ಷ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅಪ್ಪ ಗಲ್ಫಿಗೆ ಹೋದ ಮೇಲೂ ಬಿಡಲಿಲ್ಲ. ಕೈ ಸುಮ್ಮನಿದ್ದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಕಟ್ಟಿದ ಬೀಡಿಯನ್ನು ಚೀಲದಲ್ಲಿಟ್ಟು ಎರಡು ಸ್ಟಾಪು ಆಚೆಯ ಬೀಡಿ ಬ್ರಾಂಚಿಗೆ ಬೆಳಿಗ್ಗೆ ಕೊಟ್ಟು ಬರಬೇಕು. ತಡವಾದರೆ ಅಂದಿನದನ್ನು ತೆಗೆದುಕೊಳ್ಳುವುದಿಲ್ಲ. ನನ್ನದೂ ಅವಳದೂ ಒಂದೇ ಬಸ್ಸು. ಮೊದಲ ವರ್ಷ ನಾವು ಜೊತೆಗೇ ಹತ್ತುತ್ತಿದ್ದೆವು. ಎರಡನೆಯ ವರ್ಷ ನನಗೆ ಇಬ್ಬರು ಹೊಸ ಗೆಳತಿಯರು ಸಿಕ್ಕಿದರು, ಅದೇ ಬಸ್ಸಿನಲ್ಲಿ ಹಿಂದಿನ ಸ್ಟಾಪಿನಿಂದ ಬರುವವರು. ಒಬ್ಬಳ ಮನೆಯವರದು ಪೇಟೆಯಲ್ಲಿ ಹೋಟೆಲು. ಅಮ್ಮ ಎಂತ ಮಾಡ್ತಾರೆ ಎಂದು ಅವಳು ಕೇಳಿದಾಗ ನಾನು, ಮನೆಯಲ್ಲೇ ಇರುತ್ತಾರೆ ಎಂದಿದ್ದೆ. ಸುಳ್ಳಲ್ಲ. ಬೀಡಿ ಮನೆಯಲ್ಲೇ ಕಟ್ಟುವುದು.

ಆ ದಿನ ನಾನು ಬೇಗ ಹೋಗಿ ಹತ್ತಿ, ಗೆಳತಿಯರು ಹಿಡಿದಿಟ್ಟಿದ್ದ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತೆ. ನಮ್ಮ ಓಣಿ ಆ ಕಿಟಕಿಗೆ ಕಾಣುತ್ತದೆ. ಓಣಿಯಿಂದ ಅಮ್ಮ ಚೀಲ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ನಮ್ಮ ಕಡೆ ಬಗ್ಗಿ, “ಇನ್ನು ಯಾರಾದ್ರೂ ಬರ್ಲಿಕ್ಕೆ ಉಂಟಾ?” ಎಂದು ಕೇಳಿದ.

ಇಲ್ಲಿಂದ ಮುಂದೆ ನನಗೆ ನನ್ನ ಮೇಲೆಯೇ ಭರವಸೆಯಿಲ್ಲ. ನಾನು “ಇಲ್ಲ” ಎಂದೆ. ಇದು ಒಂದು ನೆನಪು. ನಾನು ಏನೂ ಹೇಳಲಿಲ್ಲ, ಸುಮ್ಮನೆ ಕೂತೆ. ಇದು ಇನ್ನೊಂದು, ಸ್ವಲ್ಪ ಹಗುರವಾದದ್ದು, ವಯಸ್ಸಾದಂತೆ ಹೆಚ್ಚು ಹೆಚ್ಚು ಬರುವಂಥದ್ದು. ಎರಡರಲ್ಲಿಯೂ ಕೊನೆ ಒಂದೇ: ಕಂಡಕ್ಟರ್ ಸೀಟಿ ಊದಿ “ರೈಟ್ ಪೋಯಿ” ಎಂದು ಬಸ್ಸು ಹೊರಡಿಸಿದ, ನಾನು ಗೆಳತಿಯ ಕಡೆ ತಿರುಗಿ ಯಾವುದೋ ನೋಟ್ಸಿನ ಬಗ್ಗೆ ಮಾತಾಡತೊಡಗಿದೆ. ಸಂಜೆ ಮನೆಗೆ ಬಂದಾಗ ಅಮ್ಮನ ಮೊಣಕಾಲಿಗೆ ಬಟ್ಟೆ ಕಟ್ಟಿತ್ತು. ಜಲ್ಲಿಯಲ್ಲಿ ಕಾಲು ಜಾರಿತು ಎಂದಳು. ಬಸ್ಸಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ದಿನದ ಡೈರಿ ಹುಡುಕಿ ನೋಡಿದ್ದೇನೆ: ‘ಟೆಸ್ಟ್ ಸುಲಭವಿತ್ತು. ಸಂಜೆ ಬಸ್ಸು ಲೇಟು.’ ಅಷ್ಟೆ. ಬರೆದದ್ದನ್ನು ನಂಬಬೇಕು ಎನ್ನುವವರಿಗೆ ಆ ಪುಟ ತೋರಿಸಬೇಕೆನಿಸುತ್ತದೆ.

ಓಡುವಾಗ ಮನಸ್ಸು ಖಾಲಿಯಾಗುತ್ತದೆ ಎನ್ನುತ್ತಾರೆ. ನನಗೆ ಅದು ಒಲಿಯಲೇ ಇಲ್ಲ. ಪಂಪ್‌ವೆಲ್‌ನಲ್ಲಿ ಬೆಳಗಿನ ಮೊದಲ ಬಸ್ಸುಗಳ ಸೀಟಿ ಕೇಳಿದರೆ ಕಾಲು ತಾನಾಗಿ ಜೋರಾಗುತ್ತದೆ. ಸೀರೆಯಲ್ಲಿ, ಚೀಲ ಹಿಡಿದು ಹೀಗೆ ಓಡಿದರೆ ಎದೆ ಎಷ್ಟು ಬಡಿಯಬಹುದು ಎಂದು ಎಣಿಸುತ್ತೇನೆ. ಒಂದು ದಿನ ತಪ್ಪಿಸಿದರೆ ಅಮ್ಮನ ನೋವು ಜಾಸ್ತಿಯಾಗುತ್ತದೆ ಎಂಬ ಭಯವೂ ಹೇಗೋ ಸೇರಿಕೊಂಡಿತು. ಓದಿದವಳು ನಾನು, ಇದು ಮೂರ್ಖತನವೆಂದು ಗೊತ್ತು. ಗೊತ್ತಿದ್ದೂ ಅಲಾರಂ ಇಡುತ್ತೇನೆ. ನಾಲ್ಕು ತಿಂಗಳ ಹಿಂದೆ ಡಾಕ್ಟರು, ಹಿಂದೆ ಯಾವಾಗಲಾದರೂ ಬಿದ್ದದ್ದುಂಟೇ ಎಂದು ಕೇಳಿದರು. ಅಮ್ಮ ಇಲ್ಲವೆಂದಳು. ಪಕ್ಕದ ಕುರ್ಚಿಯಲ್ಲಿದ್ದ ನಾನು ಫೈಲಿನ ಹಾಳೆ ಜೋಡಿಸುತ್ತ ಬಾಯಿ ಮುಚ್ಚಿಕೊಂಡೆ. ಎರಡನೆಯ ಸಲ.

ನಿನ್ನೆ ಆ ಬಾಣ ನೋಡಿದ ಮೇಲೆ ತಡೆಯಲಾಗಲಿಲ್ಲ. ಅರವಳಿಕೆ ಕೊಡುವ ಡಾಕ್ಟರು ಬಂದು, ಅಮ್ಮನ ವಯಸ್ಸು, ಬಿಪಿ ಎಲ್ಲ ಕೇಳಿ, ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದರು. ಆ ಕಾಗದದಲ್ಲಿದ್ದ ಸಾಧ್ಯತೆಗಳನ್ನು ಓದಬಾರದಿತ್ತು. ಇವತ್ತು ಕೇಳದಿದ್ದರೆ ಮತ್ತೆ ಕೇಳಲು ಆಗದೆಯೇ ಹೋದರೆ? ಸಂಜೆ ಚಾ ಕುಡಿಯುವಾಗ ಕೇಳಿದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಹಾಗಾಗಿ ಇದರಲ್ಲೂ ಒಂದಿಷ್ಟು ಸೋರಿಹೋಗಿರುತ್ತದೆ.

“ಅಮ್ಮಾ, ನೀನು ಅವತ್ತು ಬಸ್ಸಿಗೆ ಓಡಿ ಬಿದ್ದದ್ದು ಯಾವ ಕಾಲು?”

ಅಮ್ಮ ಚಾದ ಲೋಟ ಕೆಳಗಿಟ್ಟಳು. ಯಾವ ಬಸ್ಸು ಎಂದು ಅವಳು ಕೇಳಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

“ಎಡದ್ದು. ಅದು ಈಗಲೂ ಗಟ್ಟಿ ಉಂಟು. ಇದರ ನೋವು ಪ್ರಾಯದ್ದು.”

ನಾನು ಕಿಟಕಿಯಲ್ಲಿದ್ದೆ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು. “ಕಂಡಿದೆ ಮಾರಾಯ್ತಿ. ಕಂಡಕ್ಟರ್ ಬಗ್ಗಿ ಎಂತದೋ ಕೇಳಿದ. ನೀನು ತಲೆ ಅಲ್ಲಾಡಿಸಿದಿ. ಮತ್ತೆ ಆಚೆ ತಿರುಗಿದಿ.”

ತಲೆ ಅಲ್ಲಾಡಿಸಿದ್ದು. ನನ್ನ ಎರಡು ನೆನಪುಗಳಲ್ಲೂ ಇಲ್ಲದ್ದು. ಮರುದಿನದಿಂದ ಅವಳು ಗುಡ್ಡದ ಒಳದಾರಿಯಲ್ಲಿ ಬ್ರಾಂಚಿಗೆ ನಡೆದೇ ಹೋದಳಂತೆ, ನನ್ನ ಡಿಗ್ರಿ ಮುಗಿಯುವವರೆಗೂ. ಅದನ್ನು ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಆ ದಾರಿಯಲ್ಲಿ ಒಳ್ಳೆ ಗೇರುಹಣ್ಣು ಬೀಳುತ್ತಿತ್ತು ಎಂದೂ ಸೇರಿಸಿದಳು. ಅಮ್ಮ ಯಾಕೆ ಜೊತೆಗೆ ಬರುತ್ತಿಲ್ಲ ಎಂದು ಆ ಎರಡು ವರ್ಷ ನಾನು ಕೇಳಿರಲೇ ಇಲ್ಲ. ಕೇಳದೆ ಇರುವಷ್ಟು ಸುಖವಾಗಿತ್ತು ನನಗೆ.

ಆಗ ನನ್ನ ಓಟದ ಕಥೆಯನ್ನೂ ಹೇಳಿಬಿಟ್ಟೆ. ಅಮ್ಮ ಎಷ್ಟು ನಕ್ಕಳೆಂದರೆ ಪಕ್ಕದ ಮಂಚದವರು ತಿರುಗಿ ನೋಡಿದರು. “ಓಡಿದ್ದು ನಾನು, ಬಿದ್ದದ್ದು ನಾನು. ಎಂಟು ವರ್ಷದಿಂದ ನಿನಗೆಂತ ಕೆಲಸ ಅಲ್ಲಿ?” ಎಂದಳು. ನನಗೂ ನಗು ಬಂತು, ಬೇರೆ ಏನೋ ಜೊತೆಗೆ ಬಂತು. ಕ್ಷಮಿಸು ಎಂದೆ. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ ಹೇಳಿದಳು: “ನನಗೆ ನಾಳೆಯದ್ದು ಹೆದರಿಕೆ ಉಂಟು. ಒಳಗೆ ಕೊಂಡುಹೋಗುವಾಗ ನೀನು ಅಲ್ಲೇ ನಿಲ್ಲಬೇಕು. ಆಚೆ ತಿರುಗಬಾರದು.”

ಇಂದು ಐದಕ್ಕೆ ವಾರ್ಡಿನಲ್ಲಿ ಎಚ್ಚರವಾಯಿತು. ಪಾದಗಳು ಅಭ್ಯಾಸದಂತೆ ಶೂ ಹುಡುಕಿದವು. ಅಮ್ಮನನ್ನು ಕರೆದುಕೊಂಡು ಹೋಗುವುದು ಎಂಟಕ್ಕೆ, ಒಂದು ಸುತ್ತು ಹೋಗಿ ಬರಲು ಬೇಕಾದಷ್ಟು ಸಮಯವಿತ್ತು. ಹೋಗಲಿಲ್ಲ. ಎಂಟಕ್ಕೆ ಸ್ಟ್ರೆಚರ್ ಜೊತೆ ಉದ್ದದ ಕಾರಿಡಾರಿನಲ್ಲಿ ನಡೆದೆ. ಥಿಯೇಟರಿನ ಬಾಗಿಲಲ್ಲಿ ನರ್ಸ್ ಅಮ್ಮನ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಅದಿಲ್ಲದೆ ಅಮ್ಮನಿಗೆ ಮೂರು ಮಾರು ದೂರದ ಮುಖ ಗುರುತು ಸಿಗುವುದಿಲ್ಲ. ನಾನು ಆಚೆ ತಿರುಗಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳು ತಲೆ ಎತ್ತಿ ನನ್ನ ಕಡೆಯೇ ನೋಡುತ್ತಿದ್ದಳು, ಅಥವಾ ನಾನಿರಬೇಕಾದ ಕಡೆ. ನನ್ನ ಕಾಲಿಗೆ ಓಡಿಹೋಗಬೇಕೆನಿಸುತ್ತಿತ್ತು. ಬಾಗಿಲು ಮುಚ್ಚುವವರೆಗೂ ನೋಡಿದೆ. ಮುಚ್ಚಿದ ಮೇಲೆ ಎದುರಿನ ಬೆಂಚಿನಲ್ಲಿ ಕೂತೆ. ಈಗ ಹತ್ತೂವರೆ. ಇಲ್ಲಿಂದ ಎದ್ದಿಲ್ಲ.