ಹವಾಲಾತಿಯ ಬಾಗಿಲ ಜೈತುನ್ಬೀ

ಮನೆಯ ಗಂಡಸನ್ನು ಪೊಲೀಸರು ಹಿಡಿದುಕೊಂಡು ಹೋದರೆ ಹೆಂಗಸರು ಮೊದಲು ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂಡುತ್ತಾರೆ. ಅದು ತಪ್ಪು ಎಂದು ಜೈತುನ್ಬೀ ಹೇಳುತ್ತಿದ್ದಳು. ಯಾವ ಊರಿಗೆ ಒಯ್ದರು, ಯಾವ ತಾರೀಖಿಗೆ ಒಯ್ದರು, ಕಾಗದದಲ್ಲಿ ಏನೆಂದು ಬರೆದುಕೊಂಡರು, ಇಷ್ಟನ್ನು ಮೊದಲು ಕೇಳಿಕೊಳ್ಳಬೇಕು. ಆಮೇಲೆ ರೊಟ್ಟಿ. ಸಾವಿರದೊಂಬೈನೂರ ನಲವತ್ತೊಂಬತ್ತರಿಂದ ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷದವರೆಗೆ ಆಕೆ ತಹಸೀಲ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಹಳೆ ಸೀರೆ ತುಂಡುಗಳ ಕೌದಿ ಹೊಲಿಯುತ್ತಾ ಕುಳಿತು, ಕೇಳಿದವರಿಗೂ ಕೇಳದವರಿಗೂ ಇದನ್ನೇ ಹೇಳಿದಳು.

ಆ ಕಚೇರಿಯ ಮಗ್ಗುಲಲ್ಲೇ ಹವಾಲಾತಿ ಇತ್ತು. ಹವಾಲಾತಿ ಎಂದರೆ ದೊಡ್ಡ ಜೈಲೇನಲ್ಲ, ವಿಚಾರಣೆ ಮುಗಿಯದವರನ್ನು ಕೂಡಿಹಾಕುವ ಎರಡು ಕಲ್ಲಿನ ಕೋಣೆ. ಅದರ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ಜವಾನ ನಾನು, ಖಂಡಪ್ಪ. ಊರ ಹೆಸರು ಬರೆಯುವುದಿಲ್ಲ. ತಪ್ಪು ಊರಿನದಲ್ಲ, ನನ್ನದು. ಜೈತುನ್ಬೀಯ ಬಗ್ಗೆ ಬರೆಯುವ ಯೋಗ್ಯತೆಯೂ ನನಗಿಲ್ಲ. ಆದರೆ ಆಕೆ ಆ ಮರದ ಕೆಳಗೆ ಯಾಕೆ ಬಂದು ಕುಳಿತಳು ಎಂಬುದು ಪೂರ್ತಿ ಗೊತ್ತಿದ್ದವರಲ್ಲಿ ಉಳಿದವನು ನಾನೊಬ್ಬನೇ.

ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ತಿಂಗಳಾಗಿತ್ತು. ನಿಜಾಮನ ಪರ ಹೊಡೆದಾಡಿದ ರಜಾಕಾರರ ಜೊತೆ ಇದ್ದವರು ಎಂದು ಹೆಸರು ಕೇಳಿಬಂದವರನ್ನೆಲ್ಲ ಹಿಡಿದು ತರುತ್ತಿದ್ದ ಕಾಲ. ಕೆಲವರು ನಿಜವಾಗಿಯೂ ಇದ್ದವರು. ಕೆಲವರನ್ನು ಹಳೆಯ ಸಿಟ್ಟಿಗೆ ಯಾರೋ ಬೆರಳು ಮಾಡಿ ತೋರಿಸಿದ್ದರು. ಎರಡು ಕೋಣೆಯಲ್ಲಿ ನಲವತ್ತು ಜನ. ಅವರಲ್ಲಿ ದಂಡೋತಿಯ ಗುಲಾಮ ದಸ್ತಗೀರನೂ ಒಬ್ಬ. ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು. ರಜೆಗೆಂದು ಊರಿಗೆ ಬಂದ ಎರಡನೇ ದಿನವೇ ಅವನನ್ನು ಹಿಡಿದಿದ್ದರು.

ಮಾರನೆಯ ದಿನ ಅವನ ಹೆಂಡತಿ ಜೈತುನ್ಬೀ ಕಾಗಿಣೆ ಹೊಳೆ ದಾಟಿ ನಡೆದುಕೊಂಡು ಬಂದು ಬಾಗಿಲ ಮುಂದೆ ನಿಂತಳು. ಕೈಯಲ್ಲಿ ಒಂದು ಜರ್ಮನ್ ಡಬ್ಬಿ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಹಾಗೆನ್ನುತ್ತೇವೆ.

"ಯಾರನ್ನ ನೋಡಬೇಕು?" ಎಂದೆ.

"ನಮ್ಮ ಮನಿಯವ್ರನ್ನರಿ."

"ಹೆಸರು ಹೇಳು."

"ಜಹಾಂಗೀರನ ಅಬ್ಬಾರಿ."

"ಜಹಾಂಗೀರನ ಅಬ್ಬಾ ಅಂತ ಇಲ್ಲಿ ಒಬ್ರೂ ಇಲ್ಲ. ಹೋಗು, ಹೋಗು."

ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಹೆಂಗಸರು ನಂಬುತ್ತಾರೆ. ನನ್ನ ತಾಯಿಯೂ ಜೀವಮಾನದಲ್ಲಿ ನನ್ನ ತಂದೆಯ ಹೆಸರು ಹೇಳಿದವಳಲ್ಲ. ಅದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಇಪ್ಪತ್ತನಾಲ್ಕು ವರ್ಷದವನ ತಲೆಯ ಮೇಲೆ ಸರಕಾರದ ಪಗಡಿ ಕೂತರೆ ಬುದ್ಧಿ ಎಲ್ಲಿ ಉಳಿಯುತ್ತದೆ? ಎರಡು ದಿನ ಆಕೆಯನ್ನು ಹಾಗೆಯೇ ಹಿಂದಕ್ಕೆ ಕಳಿಸಿದೆ. ಮೂರನೆಯ ದಿನ ಬಂದವಳೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಗುಲಾಮ ದಸ್ತಗೀರ, ದಂಡೋತಿಯವ್ರು" ಎಂದುಬಿಟ್ಟಳು. ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ನಕ್ಕೆ. ಈಗ ನೆನೆದರೆ ಮೈ ಉರಿಯುತ್ತದೆ.

ಆಮೇಲೆ ದಿನವೂ ಬಂದಳು. ನಾನು ರೊಟ್ಟಿ ಮುರಿದು ನೋಡಿ ಡಬ್ಬಿಯನ್ನು ಒಳಗೆ ಕಳಿಸುತ್ತಿದ್ದೆ. ಮಧ್ಯಾಹ್ನ ಡಬ್ಬಿ ಹಿಂದಕ್ಕೆ ಬರುತ್ತಿತ್ತು. ಭೇಟಿಗೆ ವಾರಕ್ಕೊಂದೇ ದಿನ ಇದ್ದುದರಿಂದ ಉಳಿದ ದಿನಗಳಲ್ಲಿ ಆ ಡಬ್ಬಿಯೇ ಸಮಾಚಾರ. ನಮ್ಮ ಸೀಮೆಯಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದು ಮಾಡಿ ಹಿಂದಕ್ಕೆ ಕಳಿಸುವುದಿಲ್ಲ, ಒಂದು ಹಿಡಿ ಜೋಳವನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಹಾಕಿ ಕೊಡುತ್ತೇವೆ. ಕೈದಿ ಏನು ಹಾಕಬೇಕು? ದಸ್ತಗೀರ ಆಕೆ ಕಳಿಸಿದ ರೊಟ್ಟಿಯಲ್ಲೇ ಒಂದು ಚೂರು ಉಳಿಸಿ ಕಳಿಸುತ್ತಿದ್ದ. ಅದನ್ನು ನೋಡಿದರೆ ಅವನು ಉಂಡಿದ್ದಾನೆ, ಅವನಿಗೆ ಮನೆ ನೆನಪಿದೆ ಎಂದು ಆಕೆಗೆ ತಿಳಿಯುತ್ತಿತ್ತು.

ಆಕೆ ಬರೀ ಡಬ್ಬಿ ಹೊತ್ತು ತಿರುಗಲಿಲ್ಲ. ಕಚೇರಿ ಮುಂದೆ ಅರ್ಜಿ ಬರೆಯುತ್ತಿದ್ದ ಶಹಾಬುದ್ದೀನ ಆಕೆಗೆ ದಾರಿ ಹೇಳಿಕೊಟ್ಟ. ಊರಿನ ಇಬ್ಬರು ದೊಡ್ಡವರು ಇವನು ಕೆಟ್ಟವನಲ್ಲ ಎಂದು ಸಹಿ ಮಾಡಬೇಕು, ಆ ದಿನಗಳಲ್ಲಿ ಗಣಿಯಲ್ಲೇ ಕೆಲಸಕ್ಕಿದ್ದ ಎಂದು ಅಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಒಂದು ಚೀಟಿ ಕೊಡಬೇಕು, ಆಗ ಬಿಡುಗಡೆಯ ಅರ್ಜಿಗೆ ಬಲ ಬರುತ್ತದೆ. ದಂಡೋತಿಯಲ್ಲಿ ಒಬ್ಬರು ಬೇಗ ಸಹಿ ಮಾಡಿದರು. ಇನ್ನೊಬ್ಬರು ಗುರುಲಿಂಗಪ್ಪನವರು, ಹೊಲಮನೆ ಇದ್ದ ಲಿಂಗವಂತರು. ಆ ಹೊತ್ತಿನಲ್ಲಿ ಮುಸಲ್ಮಾನನ ಪರವಾಗಿ ಸಹಿ ಮಾಡಲು ಅವರಿಗೆ ಅಂಜಿಕೆ. ಜೈತುನ್ಬೀ ಹದಿನೈದು ದಿನ ಅವರ ಕಟ್ಟೆಯ ಕೆಳಗೆ ಹೋಗಿ ಕುಳಿತಳು. ಅತ್ತು ಕರೆದು ಮಾಡಲಿಲ್ಲ, ಸುಮ್ಮನೆ ಕುಳಿತಳು.

ಜನವರಿಯ ಕೊನೆಯ ಒಂದು ಮಂಗಳವಾರ ಹನ್ನೊಂದು ಜನರನ್ನು ದೊಡ್ಡ ಜೈಲಿಗೆ ಸಾಗಿಸಲು ಹುಕುಂ ಬಂತು. ಆ ದಿನ ಬೆಳಿಗ್ಗೆ ಬಂದು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಕೊಟ್ಟು, ಮಧ್ಯಾಹ್ನದ ತನಕ ಕಾಯದೆ ಆಕೆ ಗುರುಲಿಂಗಪ್ಪನವರ ಮನೆಗೆ ಹೋಗಿಬಿಟ್ಟಿದ್ದಳು. ಮಧ್ಯಾಹ್ನದ ರೈಲಿಗೆ ಅವರನ್ನು ವಾಡಿ ಜಂಕ್ಷನ್ನಿಗೆ ಒಯ್ದರು, ಅಲ್ಲಿಂದ ಬೇರೆ ಗಾಡಿ. ದಸ್ತಗೀರ ಕಂಬಳಿ ಹೊದ್ದು ನಡುಗುತ್ತಿದ್ದ. ಜ್ವರ ಎಂದು ನನಗೆ ಕಾಣುತ್ತಿತ್ತು. ಮನೆಯವರಿಗೆ ಹೇಳಬೇಕೋ ಬೇಡವೋ ಎಂದು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಆಕೆ ಓಡುತ್ತಲೇ ಬಂದಳು. ಆಕೆಯ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ಗುರುಲಿಂಗಪ್ಪ ಗೌಡ್ರು ಸಹಿ ಮಾಡಿದ್ರು ತಮ್ಮಾ. ಇನ್ನ ಮುಕಾದಮನ ಚೀಟಿ ಒಂದೇ ಉಳಿದದ. ಒಳಗ ಅವ್ರಿಗೆ ಹೇಳಿಬಿಡಪ್ಪ."

ಡಬ್ಬಿ ತೆಗೆದುಕೊಂಡು, "ಹೂಂ, ಹೇಳ್ತೀನಿ" ಎಂದೆ. ಹೇಡಿತನಕ್ಕೆ ದಯೆಯ ಅಂಗಿ ತೊಡಿಸುವುದು ಭಾಳ ಸುಲಭ. ಪಾಪ, ಇಷ್ಟು ಸಂತೋಷದಲ್ಲಿದ್ದಾಳೆ, ನಾಳೆ ಹೇಳೋಣ ಎಂದುಕೊಂಡೆ. ಒಳಗೆ ಚಿಂಚೋಳಿ ಅಡವಿಯ ಕಡೆಯವನೊಬ್ಬ ಹಿಂದೆ ಮುಂದೆ ಯಾರೂ ಇಲ್ಲದವನಿದ್ದ. ರೊಟ್ಟಿ ಅವನಿಗೆ ಕೊಟ್ಟೆ. ಡಬ್ಬಿಯನ್ನು ನಾನೇ ತೊಳೆದೆ. ತೊಳೆದ ಮೇಲೆ ಬರಿದಾದ ಡಬ್ಬಿ ಕೊಡಲು ಕೈ ಬರಲಿಲ್ಲ. ನನ್ನ ಬುತ್ತಿಯಲ್ಲಿದ್ದ ಒಂದು ತುಂಡು ಬೆಲ್ಲ ಅದರಲ್ಲಿ ಹಾಕಿ ಕೊಟ್ಟೆ.

ಗುರುವಾರವೂ ಅದೇ ಕಥೆ. ಮತ್ತೆ ಬೆಲ್ಲ.

ಶುಕ್ರವಾರ ಆಕೆ ಡಬ್ಬಿ ಕೊಡಲಿಲ್ಲ. ಎದೆಗೆ ಅವಚಿಕೊಂಡು ನಿಂತಳು. ಶಹಾಬಾದಿಗೆ ಹೋಗಿಬಂದ ನೆಂಟರೊಬ್ಬರು ತಂದುಕೊಟ್ಟ ಮುಕಾದಮನ ಚೀಟಿ ಇನ್ನೊಂದು ಕೈಯಲ್ಲಿತ್ತು.

"ಅವ್ರು ಎಲ್ಲಿ ಅದಾರ?" ಎಂದಳು.

"ಒಳಗ ಅದಾರಲ್ಲ."

"ಒಳಗ ಬೆಲ್ಲ ಎಲ್ಲಿಂದ ಬರ್ತದ? ಮೊದಲನೇ ದಿವಸ ಯಾರರೆ ತಮ್ಮ ಬೆಲ್ಲ ಹಂಚಿ ಕೊಟ್ಟಿರಬೇಕು ಅನಕೊಂಡೆ. ಅಬ್ಬಾ ಕಳಿಸ್ಯಾನ ಅಂತ ಮಕ್ಕಳು ಕುಣದಾಡಿ ತಿಂದ್ವು. ಎರಡನೇ ದಿವಸನೂ ಬಂತು. ರೊಟ್ಟಿ ಚೂರು ಮಾತ್ರ ಇಲ್ಲ. ಖರೇ ಹೇಳು ತಮ್ಮಾ, ಎಲ್ಲಿ ಅದಾರ?"

ಹೇಳಿದೆ. ಜ್ವರದ ಮಾತನ್ನೂ ಹೇಳಿದೆ. ಆಕೆ ನನ್ನನ್ನು ಬಯ್ಯಲಿಲ್ಲ. ಕಾಗದಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಅಲ್ಲಿಂದಲೇ ಸ್ಟೇಶನ್ನಿಗೆ ಹೊರಟಳು. ದೊಡ್ಡ ಜೈಲಿನ ಬಾಗಿಲು ಮುಟ್ಟಿದ್ದು ಶನಿವಾರ ಬೆಳಿಗ್ಗೆ. ಅಲ್ಲಿ ಕಣ್ಣು ಮುಚ್ಚದೆ, ಬಾಯಿ ಒರೆಸಿಕೊಳ್ಳದೆ ಗಂಡನ ಹೆಸರು ಹೇಳಿದಳು. ಗುಲಾಮ ದಸ್ತಗೀರ ಶುಕ್ರವಾರ ಬೆಳಿಗ್ಗೆ ತೀರಿಕೊಂಡಿದ್ದ. ಮಣ್ಣೂ ಆಗಿತ್ತು.

ಲೆಕ್ಕ ಕಷ್ಟದ್ದಲ್ಲ. ಬುಧವಾರ ಹೇಳಿದ್ದರೆ ಗುರುವಾರ ಅವನ ಮುಖ ನೋಡುತ್ತಿದ್ದಳು. ಬದುಕಿಸುತ್ತಿದ್ದಳೋ ಇಲ್ಲವೋ ನಾನರಿಯೆ. ನೋಡುತ್ತಿದ್ದಳು, ಅಷ್ಟು ನಿಜ.

ಗಂಡ ಸತ್ತರೆ ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆ ಬಿಟ್ಟು ಹೊರಬರುವಂತಿಲ್ಲ. ಅದು ಮುಗಿದ ಮೇಲೆ, ಜೂನಿನಲ್ಲಿ, ಆಕೆ ಬಂದು ಬೇವಿನ ಮರದ ಕೆಳಗೆ ಕೌದಿ ಹರವಿಕೊಂಡು ಕುಳಿತಳು. ಶಾಪ ಹಾಕಲು ಬಂದಿದ್ದಾಳೆ ಎಂದುಕೊಂಡೆ. ಆಕೆ ನನ್ನ ಕಡೆ ನೋಡಲೂ ಇಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ಕಾಳಗಿಯ ಶಿವಕಾಂತಮ್ಮ ನಿಂತಿದ್ದಳು. ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆ ಒಡೆದದ್ದಕ್ಕೆ ಅವಳ ಗಂಡನನ್ನು ತಂದಿದ್ದರು. ಹೆಸರು ಕೇಳಿದರೆ ನೆಲ ನೋಡುತ್ತಾಳೆ. ಜೈತುನ್ಬೀ ಸೂಜಿ ಚುಚ್ಚಿಟ್ಟು ಎದ್ದು ಬಂದಳು.

"ಹೇಳವ್ವ. ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತದ ಅಂತಾರ. ಸುಳ್ಳದು. ನಾಚಿಕಿ ಮನ್ಯಾಗ ಇಟ್ಟು ಬಾ, ಹೋಗಿ ಮತ್ತ ಹಾಕ್ಕೋ."

ಶಿವಕಾಂತಮ್ಮ ಸೆರಗಿನ ಮರೆಯಲ್ಲಿ "ಸಾಯಬಣ್ಣ" ಎಂದಳು. ಜೈತುನ್ಬೀ ಅವಳನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಒಂದೊಂದಾಗಿ ಹೇಳಿಕೊಟ್ಟಳು. ರೊಟ್ಟಿ ತೆಳ್ಳಗೆ ಬಡಿ, ದಪ್ಪ ಇದ್ದರೆ ಜವಾನ ಪುಡಿ ಮಾಡಿಬಿಡುತ್ತಾನೆ. ಕಂಬಳಿ ಇವತ್ತೇ ತಂದುಕೊಡು, ಕಲ್ಲಿನ ನೆಲಕ್ಕೆ ಮೂರು ದಿನದಲ್ಲಿ ಕೆಮ್ಮು ಹಿಡಿಯುತ್ತದೆ. ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡ, ಶಹಾಬುದ್ದೀನ ಸಾಹೇಬರು ಓದಿ ಹೇಳುತ್ತಾರೆ. ಭೇಟಿಯ ದಿನ ಮನೆಯ ಕಷ್ಟವನ್ನೆಲ್ಲ ಅವನ ಮುಂದೆ ಸುರುವಬೇಡ, ಅವನಿಗೆ ಒಳಗಿನಿಂದ ಏನೂ ಮಾಡಲಾಗುವುದಿಲ್ಲ. ಮಕ್ಕಳಿಗೆ ಅಪ್ಪ ಊರಿಗೆ ಹೋಗಿದ್ದಾನೆ ಎಂದು ಸುಳ್ಳು ಹೇಳಬೇಡ. ಈ ಕೊನೆಯ ಮಾತಿಗೆ ಮಾತ್ರ ಆಕೆಯ ದನಿ ಸ್ವಲ್ಪ ಏರಿತು. ನನಗೆ ಕೇಳಲೆಂದೇ ಏರಿಸಿದಳೆಂದು ನನ್ನ ನಂಬಿಕೆ.

ಸಂಜೆ ಹೊರಡುವಾಗ ಆಕೆ ಬಾಗಿಲಿಗೆ ಬಂದಳು.

"ಖಂಡಪ್ಪ, ಇನ್ನ ಮ್ಯಾಲ ಇಲ್ಲಿಂದ ಯಾರನ್ನ ಒಯ್ದರೂ ಗಾಡಿ ಬಿಡೂದಕ್ಕ ಮೊದಲು ನನಗ ಹೇಳಬೇಕು."

"ನೌಕರಿ ಹೋಗ್ತದ ಬೂಬಮ್ಮ," ಎಂದೆ. ಮುಸಲ್ಮಾನ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಹಾಗೆ ಕರೆಯುತ್ತೇವೆ.

"ಹೋಗ್ಲಿ. ಬ್ಯಾರೆ ನೌಕರಿ ಸಿಗ್ತದ."

"ನನ್ನ ಮ್ಯಾಲ ಸಿಟ್ಟು ಅದ ಏನು?" ಎಂದು ಕೇಳಿಯೇಬಿಟ್ಟೆ. ಎಂಥ ಮೂರ್ಖ ಪ್ರಶ್ನೆ.

"ಅದ. ಅದು ಹೋಗಂಗಿಲ್ಲ. ನಾ ಹೇಳಿದ್ದು ಮಾಡು," ಎಂದಳು.

ಆಗಸ್ಟ್ ತಿಂಗಳಲ್ಲಿ ಸಾಯಬಣ್ಣನನ್ನೂ ಮತ್ತಿಬ್ಬರನ್ನೂ ಸಾಗಿಸುವ ಹುಕುಂ ಬಂತು. ನೀರು ಕುಡಿದು ಬರುತ್ತೇನೆಂದು ಜೊತೆಯವನಿಗೆ ಹೇಳಿ ಬೇವಿನ ಮರದ ತನಕ ಹೋದೆ. ಇಪ್ಪತ್ತು ಹೆಜ್ಜೆ ಅಷ್ಟೇ. ಡಬ್ಬಿಗೆಂದು ಆಕೆ ಅಲ್ಲಿ ಕಾಯುತ್ತಿದ್ದ ಜನವರಿಯಲ್ಲೂ ಅದು ಇಪ್ಪತ್ತೇ ಹೆಜ್ಜೆಯಿತ್ತು. "ಮಧ್ಯಾಹ್ನದ ಗಾಡಿಗೆ, ಸಾಯಬಣ್ಣ" ಎಂದು ಹೇಳಿ ಬಂದೆ. ಜೈತುನ್ಬೀ ಆಗಲೇ ಶಿವಕಾಂತಮ್ಮನ ಕೈ ಹಿಡಿದು ಎಬ್ಬಿಸಿದ್ದಳು. ಅಳಬೇಡ, ವಾಡಿಯಲ್ಲಿ ಗಾಡಿ ಬದಲಾಗುತ್ತದೆ, ಒಂದು ತಾಸು ಸಿಗುತ್ತದೆ, ಕಾವಲಿನ ಜಮಾದಾರನಿಗೆ ಕೈಮುಗಿದು ಕೇಳು, ಅರ್ಜಿ ಯಾರ ಹತ್ತಿರ ಇದೆ ಎಂದು ಗಂಡನಿಗೆ ಹೇಳು. ಹೀಗೆ ಹೇಳುತ್ತಲೇ ಅವಳನ್ನು ಸ್ಟೇಶನ್ ದಾರಿಗೆ ಹತ್ತಿಸಿ, ತಾನು ಮರಳಿ ಬಂದು ಸೂಜಿ ಹಿಡಿದಳು.

ಮರುದಿನ ಶಿವಕಾಂತಮ್ಮ ವಾಡಿಯಿಂದ ನೇರವಾಗಿ ಬೇವಿನ ಮರಕ್ಕೆ ಬಂದಳು. ಜಮಾದಾರ ಒಳ್ಳೆಯವನು, ಪ್ಲಾಟ್‌ಫಾರ್ಮಿನ ಮೇಲೆ ಗಂಡನ ಹತ್ತಿರ ಕೂಡಲು ಬಿಟ್ಟಿದ್ದನಂತೆ. ಅವಳು ಜೈತುನ್ಬೀಯ ಕಾಲು ಹಿಡಿಯಲು ಬಾಗಿದಳು. ಜೈತುನ್ಬೀ ಹಿಡಿಯಗೊಡಲಿಲ್ಲ, ಎದುರಿಗೆ ಕೂಡಿಸಿಕೊಂಡಳು. ನಾನು ಪಹರೆಯ ಮೇಲಿದ್ದೆ, ಎಲ್ಲ ಕೇಳುತ್ತಿತ್ತು.

"ಮೈ ಮುಟ್ಟಿ ನೋಡಿದೇನು? ಬಿಸಿ ಇತ್ತೇನವ್ವ?"

"ಇಲ್ಲ ಬೂಬಮ್ಮ, ತಣ್ಣಗಿತ್ತು."

"ನೀರು ಕುಡದ್ರು?"

"ಕುಡದ್ರು. ನಾನೇ ಕುಡಿಸ್ದೆ."

"ಏನಂದ್ರು?"

ಶಿವಕಾಂತಮ್ಮ ನಾಚಿಕೊಂಡಳು. "ಏನಂತಾರ? ಎಮ್ಮಿ ಈದದೇನು ಅಂತ ಕೇಳಿದ್ರು."

ಜೈತುನ್ಬೀ ಜೋರಾಗಿ ನಕ್ಕಳು. ನಗುತ್ತಿದ್ದವಳು ಹಾಗೆಯೇ ಹೊಲಿಯುತ್ತಿದ್ದ ಕೌದಿಯಲ್ಲಿ ಮುಖ ಹುದುಗಿಸಿಕೊಂಡಳು. ಹೆಗಲು ಅಲುಗುವುದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಶಿವಕಾಂತಮ್ಮ ಏನೂ ತಿಳಿಯದೆ ಬೆನ್ನು ಸವರುತ್ತಾ ಕುಳಿತಳು. ನಾನು ಜಾಗ ಬಿಟ್ಟು ಕದಲಲಿಲ್ಲ. ಸಾಯಬಣ್ಣ ಎಮ್ಮೆಯ ಬಗ್ಗೆ ಕೇಳಿದ. ದಸ್ತಗೀರ ಏನು ಕೇಳುತ್ತಿದ್ದನೋ ಆಕೆಗೆ ಎಂದಿಗೂ ತಿಳಿಯುವುದಿಲ್ಲ.